ಪಿಕಪ್ಪಿನ ಸ್ಪೀಕರ್ ಕರಕರ ಎನ್ನುವುದೇಕೆ?

ಮಳೆಗಾಲ ಮುಗಿಯುವ ಹೊತ್ತಿಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಪಿಕಪ್ ಚಾಲಕರಲ್ಲಿ ಒಂದು ದೂರು ಸಾಮಾನ್ಯ: ‘ಬಾಗಿಲಿನ ಸ್ಪೀಕರ್ ಒಡೆದಿದೆ.’ ಭಾಗವತರು ಏರುದನಿಯಲ್ಲಿ ಪದ ಎತ್ತಿದರೆ ಕರಕರ, ಚೆಂಡೆಯ ಪೆಟ್ಟಿಗೆ ಪಟಪಟ, ವಾರ್ತೆ ಓದುವವರ ದನಿಯೂ ಗೊಗ್ಗರು. ಅಂಗಡಿಗೆ ಹೋದರೆ ಹೊಸ ಜೋಡಿ ಹಾಕಿಸಿಕೊಳ್ಳಿ ಎನ್ನುತ್ತಾರೆ. ಹಾಕಿಸಿಕೊಂಡದ್ದೂ ಒಂದೆರಡು ಮಳೆಗಾಲ ಕಳೆದರೆ ಅದೇ ಪಾಡು. ನನ್ನ ಅಭಿಪ್ರಾಯ ಇಷ್ಟೇ: ನಮ್ಮ ಕಡೆ ಮೊದಲು ಪರೀಕ್ಷಿಸಬೇಕಾದ್ದು ಸ್ಪೀಕರನ್ನಲ್ಲ, ಅದು ಕೂತಿರುವ ಬಾಗಿಲನ್ನು. ಬಾಗಿಲು ಸರಿಯಾಗದೆ ಹೊಸ ಸ್ಪೀಕರ್ ಹಾಕಿದರೆ ಹಣ ನೀರಿಗೆ ಬಿದ್ದಂತೆ.

ಕಾರಣ ತಿಳಿಯಬೇಕಾದರೆ ಸ್ಪೀಕರಿನೊಳಗೆ ಏನಿದೆ ಎಂಬುದು ಗೊತ್ತಿರಬೇಕು. ಹಿಂಭಾಗದಲ್ಲಿ ಬಳೆಯಾಕಾರದ ಅಯಸ್ಕಾಂತ. ಅದರ ನಡುವೆ ಒಂದು ಕಬ್ಬಿಣದ ಗೂಟ, ಗೂಟದ ಸುತ್ತ ಬಹಳ ಕಿರಿದಾದ ಸಂದು. ಆ ಸಂದಿನಲ್ಲಿ ಯಾವುದಕ್ಕೂ ತಾಗದಂತೆ ಕೂದಲಿನಷ್ಟು ತೆಳುವಾದ ತಂತಿ ಸುತ್ತಿದ ಕಾಯಿಲ್ ನಿಂತಿರುತ್ತದೆ. ಕಾಯಿಲಿಗೆ ಕೋನ್ ಅಂಟಿದೆ. ಕೋನಿನ ಹೊರ ಅಂಚನ್ನು ರಬ್ಬರ್ ಅಥವಾ ಫೋಮಿನ ಪಟ್ಟಿ ಹಿಡಿದುಕೊಂಡಿದೆ. ಬುಡದಲ್ಲಿ ಸುಕ್ಕುಸುಕ್ಕಾದ ಬಟ್ಟೆಯ ಬಿಲ್ಲೆಯೊಂದು ಕಾಯಿಲನ್ನು ನಟ್ಟನಡುವೆ ನಿಲ್ಲಿಸುತ್ತದೆ. ರಿಪೇರಿಯವರು ಇದನ್ನು ಸ್ಪೈಡರ್ ಎನ್ನುತ್ತಾರೆ. ಸ್ಟೀರಿಯೋ ಸೆಟ್ಟಿನಿಂದ ಬರುವ ವಿದ್ಯುತ್ತು ಕಾಯಿಲಿನಲ್ಲಿ ಹಿಂದೆ ಮುಂದೆ ಹರಿದಂತೆಲ್ಲ ಕೋನ್ ಹಿಂದೆ ಮುಂದೆ ಓಡುತ್ತದೆ, ಗಾಳಿ ಅದುರುತ್ತದೆ, ಹಾಡು ಕೇಳುತ್ತದೆ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದ ಈ ವಿನ್ಯಾಸ ಇಂದಿಗೂ ಮೂಲದಲ್ಲಿ ಬದಲಾಗಿಲ್ಲ.

ಕಾಯಿಲಿಗೂ ಕಬ್ಬಿಣಕ್ಕೂ ನಡುವಿನ ಜಾಗ ಒಂದೊಂದು ಬದಿಗೆ ಒಂದು ಮಿಲಿಮೀಟರಿಗಿಂತ ಕಡಿಮೆ. ಅಲ್ಲಿಗೆ ಒಂದು ಕಣ ಮಣ್ಣು ಹೊಕ್ಕರೂ, ಕಬ್ಬಿಣಕ್ಕೆ ತುಕ್ಕು ಹಿಡಿದು ಉಬ್ಬಿದರೂ, ಕಾಗದದ ಕೋನ್ ನೆನೆದು ಸೊಟ್ಟಗಾದರೂ ಕಾಯಿಲ್ ಉಜ್ಜತೊಡಗುತ್ತದೆ. ಕರಕರ ಎಂಬ ಸದ್ದು ಹುಟ್ಟುವುದು ಅಲ್ಲಿ.

ಈಗ ನಮ್ಮ ಊರನ್ನು ನೋಡಿ. ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಉಳಿದ ತಿಂಗಳು ಕೆಂಪು ಧೂಳು. ಬಿ.ಸಿ.ರೋಡ್–ಅಡ್ಡಹೊಳೆ, ಪುಂಜಾಲಕಟ್ಟೆ–ಚಾರ್ಮಾಡಿ, ಕುಲಶೇಖರ–ಸಾಣೂರು, ಹೀಗೆ ಮೂರೂ ತಾಲೂಕುಗಳ ಹೆದ್ದಾರಿಗಳ ಅಗಲೀಕರಣ ವರ್ಷಗಟ್ಟಲೆ ನಡೆದಿದೆ. ಆ ರಸ್ತೆಗಳಲ್ಲಿ ದಿನವೂ ಓಡಾಡುವವರಿಗೆ ಧೂಳಿನ ಬಗ್ಗೆ ಹೇಳಬೇಕಾಗಿಲ್ಲ. ಮೇಲಾಗಿ ಪಿಕಪ್ಪಿನ ಬೆನ್ನಿನ ಮೇಲೆ ಮುರಕಲ್ಲು. ಮುರಕಲ್ಲಿನ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದ್ದು. ಅದರಲ್ಲಿ ಅಯಸ್ಕಾಂತಕ್ಕೆ ಅಂಟುವ ಕಣಗಳೂ ಇರುತ್ತವೆ. ಒಂದು ಅಯಸ್ಕಾಂತವನ್ನು ಅಂಗಳದ ಒಣ ಮಣ್ಣಿನಲ್ಲಿ ಆಡಿಸಿ ನೋಡಿದರೆ ತುದಿಗೆ ಮೆತ್ತಿಕೊಳ್ಳುವ ಕಪ್ಪು ಹುಡಿಯೇ ಸಾಕ್ಷಿ. ಬಾಡಿ ಕಟ್ಟುವಾಗ, ಜಾಲರಿ ವೆಲ್ಡಿಂಗ್ ಮಾಡುವಾಗ ಹಾರುವ ಗ್ರೈಂಡರ್ ಹುಡಿ ಇನ್ನೂ ಅಪಾಯಕಾರಿ. ಬಾಗಿಲಿನಲ್ಲಿರುವ ಅಯಸ್ಕಾಂತ ಇವನ್ನೆಲ್ಲ ವರ್ಷವಿಡೀ ತನ್ನತ್ತ ಎಳೆಯುತ್ತಲೇ ಇರುತ್ತದೆ.

ಮೊದಲು ಕಿವಿ, ಆಮೇಲೆ ಸ್ಕ್ರೂಡ್ರೈವರ್

ಪ್ಯಾನಲ್ ಬಿಚ್ಚುವ ಮೊದಲು ಕೂತಲ್ಲಿಂದಲೇ ತಿಳಿಯಬಹುದಾದದ್ದು ಬಹಳ ಇದೆ. ಒಂದೇ ಬಾಗಿಲಿನದೋ, ಎರಡೂ ಕಡೆಯದೋ ಎನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಸೆಟ್ಟಿನ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿದರೆ ಸಾಕು. ಎರಡೂ ಕಡೆ ಒಂದೇ ತರಹ ಕೆಟ್ಟು ಕೇಳಿಸಿದರೆ ಸ್ಪೀಕರುಗಳ ಮೇಲೆ ಅನುಮಾನ ಪಡಬೇಡಿ. ಎರಡು ಸ್ಪೀಕರ್ ಒಂದೇ ದಿನ ಒಂದೇ ರೀತಿ ಕೆಡುವುದು ಅಪರೂಪ. ಆಗ ತಪ್ಪು ಸೆಟ್ಟಿನಲ್ಲಿ ಇದೆ, ಇಲ್ಲವೇ ಕೇಳುತ್ತಿರುವ ಧ್ವನಿಯಲ್ಲೇ ಇದೆ.

ಕೇಳುತ್ತಿರುವ ಧ್ವನಿ ಎಂದದ್ದಕ್ಕೆ ಕಾರಣವಿದೆ. ಮಂಗಳೂರು ಆಕಾಶವಾಣಿಯ 100.3 ಎಫ್‌ಎಂ ಹಾಕಿಕೊಂಡು ಉಜಿರೆ ದಾಟಿ ಚಾರ್ಮಾಡಿಯ ತಿರುವು ಹತ್ತುವಾಗ ಅಲೆಗಳು ಗುಡ್ಡಗಳಿಗೆ ಬಡಿದು ಬೇರೆ ಬೇರೆ ದಾರಿಯಲ್ಲಿ ಬಂದು ಸೇರುತ್ತವೆ. ‘ಸ’, ‘ಶ’ ಅಕ್ಷರಗಳು ಸೀಳಿದಂತೆ ಕೇಳುತ್ತವೆ. ಅದು ಸ್ಪೀಕರಿನ ದೋಷವಲ್ಲ, ಗುಡ್ಡದ ಪರಿಣಾಮ. ಬಯಲಾಟದ ರಾತ್ರಿ ರಂಗಸ್ಥಳದ ಬಳಿ ಅಥವಾ ಧ್ವನಿವರ್ಧಕದ ಎದುರೇ ಫೋನ್ ಹಿಡಿದು ಮಾಡಿದ ರೆಕಾರ್ಡಿಂಗ್ ಕೂಡ ಹಾಗೆಯೇ: ಚೆಂಡೆಯ ಪೆಟ್ಟು ಫೋನಿನ ಮೈಕಿಗೆ ತಾಳಲಾರದಷ್ಟು ಜೋರಾಗಿ ಬಿದ್ದಿರುತ್ತದೆ, ಸದ್ದು ಹರಿದೇ ದಾಖಲಾಗಿರುತ್ತದೆ. ಎಂಥ ಸ್ಪೀಕರ್ ಹಾಕಿದರೂ ಅದು ಸರಿಯಾಗದು. ಆದ್ದರಿಂದ ಪರೀಕ್ಷೆಗೆ ಒಳ್ಳೆಯ ಸ್ಟುಡಿಯೋ ರೆಕಾರ್ಡಿಂಗ್ ಒಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.

ಇಂಜಿನ್ ವೇಗ ಹೆಚ್ಚಿದಂತೆ ಏರುವ, ಕಡಿಮೆಯಾದಂತೆ ಇಳಿಯುವ ‘ಕುಂಯ್’ ಎಂಬ ಸದ್ದೂ ಸ್ಪೀಕರಿನದ್ದಲ್ಲ. ಅದು ಆಲ್ಟರ್ನೇಟರಿನದ್ದು. ಸೆಟ್ಟಿನ ಅರ್ಥ್ ತಂತಿಯನ್ನು ಬಣ್ಣ ಕೆರೆದ ಗಟ್ಟಿ ಲೋಹಕ್ಕೆ ಬಿಗಿದರೆ ಹೆಚ್ಚಾಗಿ ನಿಲ್ಲುತ್ತದೆ.

ದನಿ ತಗ್ಗಿಸಿದಾಗ ಚೊಕ್ಕವಾಗಿದ್ದು, ಜೋರು ಮಾಡಿದಾಗ ಮಾತ್ರ ಒಡೆದರೆ ಸೆಟ್ಟು ತನ್ನ ಶಕ್ತಿ ಮೀರಿ ದುಡಿಯುತ್ತಿದೆ ಎಂದು ಅರ್ಥ. ಪೆಟ್ಟಿಗೆಯ ಮೇಲೆ ‘50 ವ್ಯಾಟ್ × 4’ ಎಂದು ಬರೆದಿದ್ದರೂ 12 ವೋಲ್ಟಿನ ಬ್ಯಾಟರಿಯ ಮೇಲೆ ಒಂದೊಂದು ಸ್ಪೀಕರಿಗೆ ಅದು ಶುದ್ಧವಾಗಿ ಕೊಡುವುದು ಸುಮಾರು 15ರಿಂದ 20 ವ್ಯಾಟ್ ಮಾತ್ರ. ಬಾಸ್ ಗುಂಡಿಯನ್ನು 6 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ ನಾಲ್ಕು ಪಟ್ಟು ಶಕ್ತಿ ಬೇಕು. 10 ಡೆಸಿಬೆಲ್ ಏರಿಸಿದರೆ ಹತ್ತು ಪಟ್ಟು. ಇಲ್ಲದ ಶಕ್ತಿಯನ್ನು ಸೆಟ್ಟು ಎಲ್ಲಿಂದ ತರಬೇಕು? ಅಲೆಯ ತಲೆ ಕತ್ತರಿಸಿ ಕಳಿಸುತ್ತದೆ. ಈ ಕತ್ತರಿಸಿದ ಅಲೆಯೇ ಕಾಯಿಲನ್ನು ಬಿಸಿ ಮಾಡಿ ಕೊನೆಗೆ ಸುಡುವುದೂ ಹೌದು. ಬಾಸನ್ನು ಸೊನ್ನೆಗೆ ಇಳಿಸಿ, ಲೌಡ್‌ನೆಸ್ ಆರಿಸಿ ಮತ್ತೆ ಕೇಳಿ. ಸರಿಯಾಯಿತೆಂದರೆ ಬಿಚ್ಚುವ ಕೆಲಸವೇ ಇಲ್ಲ.

ಬಾಗಿಲು ಹಾಕಿ ತೆಗೆದು ಮಾಡಿದಾಗ ಸದ್ದು ಬಂದು ಹೋಗಿ ಆಗುತ್ತಿದ್ದರೆ ತಂತಿ ತುಂಡಾಗುತ್ತಿದೆ. ಬಾಗಿಲಿಗೂ ಕ್ಯಾಬಿನ್ನಿಗೂ ನಡುವೆ ತಂತಿ ಮಡಚಿ ಮಡಚಿ ಒಳಗಿನ ತಾಮ್ರ ಎಳೆಯೆಳೆಯಾಗಿ ಮುರಿಯುತ್ತದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಚೆನ್ನಾಗಿ ಕಾಣುತ್ತದೆ. ಲೋಡು ಇಳಿಸಲು ದಿನಕ್ಕೆ ಹತ್ತಾರು ಸಲ ತೆರೆಯುವ ಚಾಲಕನ ಬಾಗಿಲಿನಲ್ಲೇ ಇದು ಮೊದಲು ಆಗುವುದು.

ಇದ್ಯಾವುದೂ ಅಲ್ಲ, ಒಂದೇ ಬದಿ, ಮೆಲ್ಲಗೆ ಇಟ್ಟರೂ ಕರಕರ ಎಂದಾದರೆ ಹಾಡು ಓಡುತ್ತಿರುವಾಗಲೇ ಬಾಗಿಲಿನ ಪ್ಯಾನಲನ್ನು ಅಂಗೈಯಿಂದ ಅಲ್ಲಲ್ಲಿ ಒತ್ತಿ ಹಿಡಿಯಿರಿ. ಸದ್ದು ಬದಲಾದರೆ ಅಥವಾ ನಿಂತರೆ ಸ್ಪೀಕರ್ ಬಹುಮಟ್ಟಿಗೆ ಪಾರಾಯಿತು. ಸಡಿಲವಾದ ಕ್ಲಿಪ್ಪು, ನೆನೆದು ಉಬ್ಬಿದ ಹಾರ್ಡ್‌ಬೋರ್ಡು, ಸ್ಪೀಕರಿನ ಜಾಲರಿ, ಬಾಗಿಲ ಕಿಸೆಯಲ್ಲಿ ಬಿದ್ದಿರುವ ಚಿಲ್ಲರೆ, ಇವುಗಳಲ್ಲಿ ಒಂದು ಅದುರುತ್ತಿದೆ.

ಬಾಗಿಲು ಬಿಚ್ಚಿದ ಮೇಲೆ

ಕೈಯಿಂದ ತಿರುಗಿಸುವ ಗ್ಲಾಸ್ ಹ್ಯಾಂಡಲ್ ಇರುವ ಪಿಕಪ್ಪಿನಲ್ಲಿ ಹಲವರು ಸಿಕ್ಕಿಬೀಳುವುದು ಆ ಹ್ಯಾಂಡಲ್ ತೆಗೆಯುವಾಗ. ಕೆಲವಕ್ಕೆ ನಡುವೆ ಸ್ಕ್ರೂ ಇರುತ್ತದೆ. ಸ್ಕ್ರೂ ಕಾಣದಿದ್ದರೆ ಹಿಂದೆ ತಂತಿಯ ಲಾಕ್ ಇದೆ. ಹಳೆಯ ಬಟ್ಟೆಯ ಪಟ್ಟಿಯೊಂದನ್ನು ಹ್ಯಾಂಡಲಿನ ಹಿಂದೆ ತೂರಿಸಿ ಎರಡೂ ತುದಿ ಹಿಡಿದು ಅತ್ತಿತ್ತ ಎಳೆದರೆ ಲಾಕ್ ಚಿಮ್ಮಿ ಬರುತ್ತದೆ. ಎಲ್ಲಿ ಬೀಳುತ್ತದೆಂದು ನೋಡಿಟ್ಟುಕೊಳ್ಳಿ. ಪ್ಯಾನಲಿನ ಕ್ಲಿಪ್ಪುಗಳನ್ನು ಅಗಲವಾದ ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿದರೆ ಕ್ಲಿಪ್ಪೂ ಮುರಿಯುತ್ತದೆ, ಹಾರ್ಡ್‌ಬೋರ್ಡೂ ಕಿತ್ತುಬರುತ್ತದೆ.

ಪ್ಯಾನಲ್ ಬಂದ ಕೂಡಲೇ ಸ್ಪೀಕರಿಗೆ ಕೈ ಹಾಕಬೇಡಿ. ಬಾಗಿಲಿನ ತಳ ನೋಡಿ. ಕಿಟಕಿಯ ಗಾಜಿನ ಮೇಲೆ ಬಿದ್ದ ಮಳೆ ಸ್ವಲ್ಪಮಟ್ಟಿಗೆ ರಬ್ಬರ್ ಬೀಡಿಂಗ್ ದಾಟಿ ಬಾಗಿಲಿನೊಳಗೆ ಇಳಿಯುವುದು ಸಹಜ. ಎಲ್ಲ ವಾಹನಗಳನ್ನೂ ಹಾಗೆಂದೇ ಎಣಿಸಿ ಕಟ್ಟಿರುತ್ತಾರೆ. ನೀರು ಹೊರಹೋಗಲು ಬಾಗಿಲಿನ ಕೆಳ ಅಂಚಿನಲ್ಲಿ ಸೀಳು ತೂತುಗಳಿರುತ್ತವೆ. ಕೆಂಪು ಮಣ್ಣು, ಕೊಳೆತ ಎಲೆ ಸೇರಿ ಆ ತೂತುಗಳು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಬಾಗಿಲು ತೆರೆದಾಗ ‘ಗುಳುಗುಳು’ ಎಂದರೆ, ಅಥವಾ ತೊಳೆದ ಮೇಲೆ ಬಾಗಿಲಿನ ಕೆಳಗಿನಿಂದ ಒಂದು ಹನಿಯೂ ತೊಟ್ಟಿಕ್ಕದಿದ್ದರೆ ತೂತು ಕಟ್ಟಿದೆ ಎಂದೇ ತಿಳಿಯಿರಿ. ಹಿಡಿಸೂಡಿಯ ಕಡ್ಡಿಯಿಂದ ಬಿಡಿಸಿ. ಕಬ್ಬಿಣದ ಸರಿಗೆ ಹಾಕಿದರೆ ಬಣ್ಣ ಕೆರೆದು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಆಮೇಲೆ ಒಂದು ಚೊಂಬು ನೀರನ್ನು ಗಾಜಿನ ಹೊರಗಿನಿಂದ ಸುರಿದು ಕೆಳಗೆ ಸರಾಗ ಇಳಿಯುತ್ತದೆಯೇ ನೋಡಿ.

ಎರಡನೆಯದು, ಪ್ಯಾನಲ್ಲಿಗೂ ಬಾಗಿಲಿಗೂ ನಡುವಿನ ಪ್ಲಾಸ್ಟಿಕ್ ಹಾಳೆ. ಗ್ಲಾಸ್ ಮಷಿನ್ ರಿಪೇರಿಗೆ ಬಿಚ್ಚಿದವರು ಇದನ್ನು ಹರಿದು, ಮತ್ತೆ ಅಂಟಿಸದೆ ಬಿಡುವುದು ಸಾಮಾನ್ಯ. ಇದಿಲ್ಲದಿದ್ದರೆ ನೀರು ನೇರ ಪ್ಯಾನಲ್ಲಿಗೆ ಇಳಿದು ಹಾರ್ಡ್‌ಬೋರ್ಡ್ ಉಬ್ಬುತ್ತದೆ, ಸ್ಪೀಕರಿನ ಸ್ಕ್ರೂ ಹಿಡಿತ ತಪ್ಪುತ್ತದೆ. ಮಳೆಗಾಲದಲ್ಲಿ ರಬ್ಬರ್ ಮರಗಳಿಗೆ ಕಟ್ಟುವ ಪ್ಲಾಸ್ಟಿಕ್ಕನ್ನೇ ಅಳತೆಗೆ ಕತ್ತರಿಸಿ, ಬ್ಯುಟೈಲ್ ಟೇಪಿನಿಂದ ಸುತ್ತಲೂ ಅಂಟಿಸಬಹುದು. ಹಾಳೆಯ ಕೆಳ ಅಂಚು ಬಾಗಿಲಿನ ಒಳಕ್ಕೆ ಮಡಚಿರಬೇಕು, ಕ್ಯಾಬಿನ್ ಕಡೆಗಲ್ಲ. ಈ ಒಂದು ಮಡಿಕೆ ತಪ್ಪಿದರೆ ನೀರೆಲ್ಲ ಕಾಲಡಿಗೆ ಬರುತ್ತದೆ.

ಇಷ್ಟಾದ ಮೇಲೆ ಸ್ಪೀಕರ್. ಸ್ಕ್ರೂ ಬಿಚ್ಚಿ, ತಂತಿ ಹಾಗೇ ಇಟ್ಟು, ಕೈಯಲ್ಲಿ ಹಿಡಿದು ಮೆಲ್ಲಗೆ ಹಾಡು ಹಾಕಿ. ಬಾಗಿಲಿನಿಂದ ಹೊರಬಂದ ಸ್ಪೀಕರಿನಲ್ಲಿ ಬಾಸ್ ಬಡಕಲಾಗಿಯೇ ಕೇಳುತ್ತದೆ. ಕೋನಿನ ಮುಂದಿನ ಅಲೆಯೂ ಹಿಂದಿನ ಅಲೆಯೂ ಒಂದನ್ನೊಂದು ಅಳಿಸಿಹಾಕುವುದರಿಂದ ಹಾಗೆ. ಅದನ್ನು ಲೆಕ್ಕಿಸದೆ ಕರಕರ ಉಳಿದಿದೆಯೇ ಎಂದಷ್ಟೇ ಕೇಳಿ. ಉಳಿದಿಲ್ಲವಾದರೆ ಅದುರುತ್ತಿದ್ದುದು ಬಾಗಿಲು. ಉಳಿದಿದ್ದರೆ ಆ ಬದಿಯ ಸ್ಪೀಕರಿಗೆ ಉದ್ದ ತಂತಿ ಹಾಕಿ ಇನ್ನೊಂದು ಬದಿಯ ಸಂಪರ್ಕ ಕೊಡಿ. ಸದ್ದು ಸ್ಪೀಕರಿನ ಜೊತೆಗೇ ಹೋದರೆ ಸ್ಪೀಕರ್ ಕೆಟ್ಟಿದೆ. ಸ್ಪೀಕರ್ ಸರಿಹೋಗಿ, ಮೊದಲಿನ ಸಂಪರ್ಕಕ್ಕೆ ಜೋಡಿಸಿದ ಇನ್ನೊಂದು ಸ್ಪೀಕರ್ ಕೆಟ್ಟು ಕೇಳಿಸಿದರೆ ಸೆಟ್ಟು ಅಥವಾ ತಂತಿ. ಈ ಅದಲುಬದಲಿಗೆ ಯಾವ ಉಪಕರಣವೂ ಬೇಡ, ಆದರೆ ಇದರಷ್ಟು ಖಚಿತವಾದ ಪರೀಕ್ಷೆ ಬೇರೆ ಇಲ್ಲ.

ಸೆಟ್ಟು ಆರಿಸಿ ತಂತಿ ಬಿಡಿಸಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಸ್ಪೀಕರಿನ ಎರಡು ಕಾಲಿಗೆ ಹಿಡಿಯಿರಿ. 4 ಓಮ್ ಸ್ಪೀಕರ್ ಸಾಮಾನ್ಯವಾಗಿ 3ರಿಂದ 3.8 ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ, ಇಲ್ಲವೇ ಕೋನಿಗೆ ಹೋಗುವ ಹೆಣೆದ ತಂತಿ ತುಂಡಾಗಿದೆ. ಬಹಳ ಕಡಿಮೆ, 2ರ ಆಸುಪಾಸು ಬಂದರೆ ಸುತ್ತುಗಳು ಒಂದಕ್ಕೊಂದು ಅಂಟಿವೆ. ಮೀಟರ್ ಇಲ್ಲದಿದ್ದರೆ ಗೋಡೆ ಗಡಿಯಾರದ 1.5 ವೋಲ್ಟಿನ ಸೆಲ್ ಸಾಕು. ತಂತಿಯಿಂದ ಕ್ಷಣಮಾತ್ರ ತಾಗಿಸಿದರೆ ‘ಟಕ್’ ಎಂದು ಕೋನ್ ಜಿಗಿಯಬೇಕು. ಸೆಲ್ಲಿನ ಪ್ಲಸ್ಸು ಸ್ಪೀಕರಿನ ಪ್ಲಸ್ಸಿಗೆ ತಾಗಿದರೆ ಕೋನ್ ಹೊರಕ್ಕೆ ಬರುತ್ತದೆ. ಅಳಿಸಿಹೋದ ಗುರುತನ್ನು ಹೀಗೆ ಕಂಡುಕೊಳ್ಳಬಹುದು.

ಉಜ್ಜಾಟ ತಿಳಿಯಲು ಎರಡೂ ಹೆಬ್ಬೆರಳುಗಳನ್ನು ಕೋನಿನ ನಡುವಿನ ಗುಮ್ಮಟದ ಅಕ್ಕಪಕ್ಕ ಇಟ್ಟು, ಸಮನಾಗಿ ಕೆಲವೇ ಮಿಲಿಮೀಟರ್ ಒತ್ತಿ ಬಿಡಿ. ಕಿವಿ ಹತ್ತಿರವಿರಲಿ. ಒಂದೇ ಬದಿ ಒತ್ತಿದರೆ ಒಳ್ಳೆಯ ಸ್ಪೀಕರೂ ಉಜ್ಜುತ್ತದೆ, ಮೋಸಹೋಗಬೇಡಿ. ಮರಳು ಉಜ್ಜಿದಂತೆ ಕೇಳಿಸಿದರೆ ಸಂದಿನಲ್ಲಿ ಹುಡಿ ಅಥವಾ ತುಕ್ಕು ಇದೆ. ಫೋನಿನಲ್ಲಿ ಸಿಗುವ ಟೋನ್ ಜನರೇಟರ್ ಆ್ಯಪಿನಿಂದ 50ರಿಂದ 100 ಹರ್ಟ್ಸಿನ ಸ್ವರವನ್ನು ಮೆಲುವಾಗಿ ಹಾಕಿದರೆ ಉಜ್ಜಾಟ ಇನ್ನೂ ಸ್ಪಷ್ಟ. ಹಾಡಿನ ಗದ್ದಲದಲ್ಲಿ ಅಡಗುವುದು ಒಂಟಿ ಸ್ವರದಲ್ಲಿ ಅಡಗದು.

ಒಂದು ಎಚ್ಚರಿಕೆ. ಸ್ಪೀಕರಿನ ಒಂದು ತಂತಿ ತುಂಡಾದರೆ ಅದನ್ನು ವಾಹನದ ಬಾಡಿಗೆ ಅರ್ಥ್ ಮಾಡಿ ಕೆಲಸ ನಡೆಸುವ ಹಳೆಯ ಅಭ್ಯಾಸ ಇನ್ನೂ ಕೆಲವರಲ್ಲಿದೆ. ಈಗಿನ ಸೆಟ್ಟುಗಳಲ್ಲಿ ಸ್ಪೀಕರಿನ ಎರಡೂ ತಂತಿಗಳಲ್ಲಿ ಬಾಡಿಗೆ ಹೋಲಿಸಿದರೆ ಸುಮಾರು 6 ವೋಲ್ಟ್ ಇರುತ್ತದೆ. ಯಾವುದನ್ನೂ ಬಾಡಿಗೆ ತಾಗಿಸಬಾರದು, ಸೆಟ್ಟಿನ ಆಂಪ್ಲಿಫೈಯರ್ ಚಿಪ್ ಹೋಗಬಹುದು. ಎರಡು ತಂತಿಗಳ ನಡುವೆ ಮಾತ್ರ, ಹಾಡು ಇಲ್ಲದಾಗ, ಡಿಸಿ ವೋಲ್ಟೇಜು ಸೊನ್ನೆಯ ಸಮೀಪ ಇರಬೇಕು. ಅಲ್ಲಿ ಒಂದೆರಡು ವೋಲ್ಟ್ ಕಂಡರೆ ಚಿಪ್ ಕೆಟ್ಟಿದೆ. ಅದು ಕೋನನ್ನು ಒಂದೇ ಬದಿಗೆ ಎಳೆದು ಹಿಡಿದು ಎಷ್ಟು ಸ್ಪೀಕರ್ ಹಾಕಿದರೂ ಸುಡುತ್ತದೆ. ಕಂಬಳ, ಜಾತ್ರೆಯ ಪ್ರಚಾರಕ್ಕೆಂದು ಬಾಗಿಲಿನ ಸ್ಪೀಕರಿನ ತಂತಿಗೇ ಇನ್ನೊಂದು ಸ್ಪೀಕರ್ ಜೋಡಿಸುವುದೂ ಬೇಡ. ಎರಡು 4 ಓಮ್ ಸೇರಿದರೆ 2 ಓಮ್ ಆಗಿ ಸೆಟ್ಟು ಕಾಯುತ್ತದೆ, ಸದ್ದು ಒಡೆಯುತ್ತದೆ. ಪ್ರಚಾರಕ್ಕೆ ಬೇರೆಯೇ ಆಂಪ್ಲಿಫೈಯರ್ ಇರಲಿ.

ಸರಿಮಾಡಬೇಕೋ, ಬದಲಿಸಬೇಕೋ

ಅಂಚಿನ ಪಟ್ಟಿ ಬಿಟ್ಟುಕೊಂಡಿದ್ದರೆ, ಕೋನಿನಲ್ಲಿ ಚಿಕ್ಕ ಸೀಳು ಇದ್ದರೆ ಮನೆಯಲ್ಲೇ ಸರಿಮಾಡಬಹುದು. ಒಣಗಿದ ಮೇಲೂ ಬಾಗುವ ಸಿಂಥೆಟಿಕ್ ರಬ್ಬರ್ ಅಂಟನ್ನು ತೆಳ್ಳಗೆ ಹಚ್ಚಿ, ಸೀಳಿಗೆ ತೆಳು ಕಾಗದದ ತುಂಡು ಕೂರಿಸಿ ಮೇಲೊಂದು ಲೇಪ ಕೊಡಿ. ಕ್ಷಣದಲ್ಲಿ ಹಿಡಿಯುವ ಅಂಟು ಗಾಜಿನಂತೆ ಗಡುಸಾಗಿ ಮತ್ತೆ ಬಿರುಕು ಬಿಡುತ್ತದೆ. ಮರಕ್ಕೆ ಹಚ್ಚುವ ಬಿಳಿ ಅಂಟು ಮಳೆಗೆ ಮೆತ್ತಗಾಗುತ್ತದೆ. ಎರಡೂ ಬೇಡ. ಫೋಮಿನ ಪಟ್ಟಿ ಹುಡಿಹುಡಿಯಾಗಿದ್ದರೆ ಅಂಟಿಸಿ ಪ್ರಯೋಜನವಿಲ್ಲ.

ಬರೀ ನೆನೆದ ಕಾಗದದ ಕೋನನ್ನು ನೆರಳಲ್ಲಿ ಫ್ಯಾನಿನ ಕೆಳಗೆ ಒಂದೆರಡು ದಿನ ಒಣಗಿಸಿದರೆ ಸರಿಯಾಗುವ ಸಾಧ್ಯತೆ ಇದೆ. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಟೈರ್ ಅಂಗಡಿಯ ಗಾಳಿ ಹೊಡೆಸಲೇಬೇಡಿ, ಕೋನ್ ಹರಿಯುತ್ತದೆ, ಹುಡಿ ಇನ್ನೂ ಒಳಕ್ಕೆ ಹೋಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ, ಒಳಗಿನ ಅಂಟು ಬಿಡಬಹುದು. ಸಂದಿನಲ್ಲಿ ಬರೀ ಹುಡಿ ಇದ್ದರೆ ಗುಮ್ಮಟವನ್ನು ಬ್ಲೇಡಿನಿಂದ ಎಚ್ಚರಿಕೆಯಿಂದ ಎಬ್ಬಿಸಿ, ತೆಳು ರಟ್ಟಿನ ಪಟ್ಟಿಗೆ ಅಂಟು ಟೇಪು ಸುತ್ತಿ ಸಂದಿನಲ್ಲಿ ಆಡಿಸಿ ತೆಗೆಯಬಹುದು. ತುಕ್ಕು ಹಿಡಿದಿದ್ದರೆ ಆ ಸ್ಪೀಕರಿನ ಕತೆ ಮುಗಿಯಿತು. ಯಕ್ಷಗಾನಕ್ಕೆ, ಕೋಲಕ್ಕೆ ಸೌಂಡ್ಸ್ ಹಾಕುವವರು ದೊಡ್ಡ ಸ್ಪೀಕರುಗಳಿಗೆ ಹೊಸ ಕಾಯಿಲ್, ಕೋನ್ ಹಾಕಿಸಿಕೊಳ್ಳುತ್ತಾರೆ. ಅವುಗಳ ಬೆಲೆಗೆ ಅದು ಸರಿ. ಬಾಗಿಲಿನ ಚಿಕ್ಕ ಸ್ಪೀಕರಿಗೆ ಅಷ್ಟು ಖರ್ಚು ಮಾಡುವುದಕ್ಕಿಂತ ಹೊಸದೇ ಲೇಸು.

ಹೊಸದು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ‘300 ವ್ಯಾಟ್’ಗೆ ಮರುಳಾಗಬೇಡಿ. ನೋಡಬೇಕಾದ್ದು ಬೇರೆ: 4 ಓಮ್, ಕಾಗದದ ಬದಲು ಪಾಲಿಪ್ರೊಪಿಲೀನ್ ಕೋನ್, ಫೋಮಿನ ಬದಲು ರಬ್ಬರ್ ಅಂಚು. ಸೆನ್ಸಿಟಿವಿಟಿ ಹೆಚ್ಚಿರುವುದನ್ನು ಆರಿಸಿ. 87 ಡೆಸಿಬೆಲ್ಲಿನ ಬದಲು 90 ಇರುವುದು ಸಿಕ್ಕರೆ ಅಷ್ಟೇ ಸದ್ದಿಗೆ ಅರ್ಧ ಶಕ್ತಿ ಸಾಕು. ಇಂಜಿನ್ ಸದ್ದಿನ ಮಧ್ಯೆ ಚಿಕ್ಕ ಸೆಟ್ಟಿನಿಂದ ಕೇಳುವವರಿಗೆ ಇದಕ್ಕಿಂತ ದೊಡ್ಡ ಲಾಭವಿಲ್ಲ. ಹಿಂಭಾಗದ ಆಳ ಅಳೆಯಿರಿ, ಗಾಜನ್ನು ಪೂರ್ತಿ ಇಳಿಸಿದಾಗ ಅಯಸ್ಕಾಂತಕ್ಕೆ ತಾಗಬಾರದು. ತಾಗುವಂತಿದ್ದರೆ ನಡುವೆ ಪ್ಲಾಸ್ಟಿಕ್ ಅಥವಾ ಮರೈನ್ ಪ್ಲೈವುಡ್ಡಿನ ಬಳೆ ಕೊಡಿ. ಎಂಡಿಎಫ್ ನಮ್ಮ ಮಳೆಗೆ ಉಬ್ಬಿ ಹುಡಿಯಾಗುತ್ತದೆ.

ಕೂರಿಸುವ ಮೊದಲು ಸ್ಪೀಕರಿನ ಬೆನ್ನಿಗೆ ಒಂದು ಗೊರಬು ಹೊದಿಸಿದಂತೆ ದಪ್ಪ ಪ್ಲಾಸ್ಟಿಕ್ಕಿನ ಮಾಡು ಮಾಡಿ. ಮೇಲಿನಿಂದ ಇಳಿಯುವ ನೀರು ಅದರ ಮೇಲೆ ಜಾರಿ ಕೆಳಗೆ ಹೋಗಬೇಕು. ಕೆಳಭಾಗ ತೆರೆದೇ ಇರಲಿ. ಸೆಟ್ಟಿನಲ್ಲಿ ಎಚ್‌ಪಿಎಫ್ (ತಗ್ಗು ಸ್ವರ ತಡೆಯುವ ಫಿಲ್ಟರ್) ಇದ್ದರೆ 80 ಅಥವಾ 100 ಹರ್ಟ್ಸಿಗೆ ಇಡಿ. ಇಲ್ಲದಿದ್ದರೆ 4 ಓಮ್ ಸ್ಪೀಕರಿನ ಪ್ಲಸ್ ತಂತಿಗೆ ಸುಮಾರು 400 ಮೈಕ್ರೋಫ್ಯಾರಡಿನ ನಾನ್‌ಪೋಲಾರ್ ಕೆಪಾಸಿಟರ್ ಸರಣಿಯಲ್ಲಿ ಜೋಡಿಸಿದರೆ 100 ಹರ್ಟ್ಸಿನ ಕೆಳಗಿನ ಹೊರೆ ತಗ್ಗುತ್ತದೆ. ಬಾಗಿಲಿನ ಸ್ಪೀಕರ್ ಆ ಸ್ವರಗಳನ್ನು ಹೇಗೂ ಚೆನ್ನಾಗಿ ನುಡಿಸಲಾರದು. ತಂತಿಗಳ ಬಣ್ಣ ನೆನಪಿರಲಿ: ಮುಂದಿನ ಎಡಕ್ಕೆ ಬಿಳಿ, ಮುಂದಿನ ಬಲಕ್ಕೆ ಬೂದು, ಕಪ್ಪು ಗೀಟು ಇರುವುದು ಮೈನಸ್. ಒಂದು ಬದಿ ಉಲ್ಟಾ ಆದರೆ ಸದ್ದು ಒಡೆಯದು, ಆದರೆ ಬಾಸ್ ಮಾಯವಾಗುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಒಂದೇ ಕೆಲಸಕ್ಕೆ ಬಿಡುವು ಇದೆ ಎನ್ನುವವರು ಬಾಗಿಲಿನ ತೂತನ್ನಾದರೂ ಬಿಡಿಸಿಡಿ. ಅದಕ್ಕೆ ಪ್ಯಾನಲ್ ಬಿಚ್ಚಬೇಕಾಗಿಲ್ಲ, ಕಡ್ಡಿಯೊಂದು ಸಾಕು. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ವಾರ, ಮಳೆ ಹಿಡಿಯುವ ಮೊದಲು, ಎರಡೂ ಬಾಗಿಲುಗಳಿಗೆ ತಪ್ಪದೆ ಮಾಡಿ.